ಉತ್ತರ ಗೊತ್ತಿರುವ ಪ್ರಶ್ನೆಗೆ ಕಪ್ಪೆ ಯಾಕೆ?

ಕಳೆದ ಸಂಚಿಕೆಯಲ್ಲಿ ಒಂದು ಮಾತು ಬರೆದಿದ್ದೆ. ಔಷಧ ಪರೀಕ್ಷೆಗೆ ಪ್ರಾಣಿಗಳ ಬದಲು ಬೇರೆ ದಾರಿಗಳು ಬರುತ್ತಿವೆ ಅಂತ. ಎರಡೇ ಸಾಲು. ಅದಕ್ಕೇ ಇಷ್ಟೊಂದು ಪತ್ರ ಬಂದಿವೆ. ಹಾಗಾಗಿ ಈ ತಿಂಗಳು ಬಿ.ಪಿ., ಶುಗರ್ ಮಾತ್ರೆಗಳ ಪ್ರಶ್ನೆಗಳನ್ನು ಪಕ್ಕಕ್ಕೆ ಇಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ತುಮಕೂರಿನಲ್ಲಿ 31 ವರ್ಷ ಫಾರ್ಮಕಾಲಜಿ, ಅಂದರೆ ಔಷಧ ಮೈಯಲ್ಲಿ ಏನು ಮಾಡುತ್ತದೆ ಎಂಬ ಪಾಠ ಹೇಳಿದವಳು. ಈಗ ನಿವೃತ್ತಿ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಮನೆಮನೆಗೆ ಗರ್ಭ ಪರೀಕ್ಷೆಯ ಕಿಟ್ ಕೊಡುತ್ತೇನೆ. ಹಿಂದಿನ ಕಾಲದಲ್ಲಿ ಇದನ್ನು ಕಪ್ಪೆಯಿಂದ ನೋಡುತ್ತಿದ್ದರು ಅಂತ ಒಬ್ಬರು ಹೇಳಿದರು. ನಂಬಲಾ, ಬಿಡಲಾ?
– ಗೌರಿಬಿದನೂರು

ಉತ್ತರ: ನಂಬಿ ತಂಗಿ. ಕಪ್ಪೆ ಮಾತ್ರ ಅಲ್ಲ. ಅದಕ್ಕೂ ಮೊದಲು ಇಲಿ, ಮೊಲಗಳಿದ್ದವು.

1920ರ ದಶಕದ ಕೊನೆಗೆ ಬರ್ಲಿನ್‌ನಲ್ಲಿ ಆಶ್‌ಹೈಮ್ ಮತ್ತು ಝೋಂಡೆಕ್ ಎಂಬ ಇಬ್ಬರು ಒಂದು ಪರೀಕ್ಷೆ ಕಂಡುಹಿಡಿದರು. ಹೆಂಗಸಿನ ಮೂತ್ರವನ್ನು ಇನ್ನೂ ಪ್ರಾಯಕ್ಕೆ ಬಾರದ ಹೆಣ್ಣು ಚಿಟ್ಟಿಲಿಗಳಿಗೆ ಕೆಲವು ದಿನ ಚುಚ್ಚುವುದು. ಆಮೇಲೆ ಇಲಿಗಳನ್ನು ಕೊಂದು ಅಂಡಾಶಯ ನೋಡುವುದು. ಅದು ಊದಿಕೊಂಡು ಕೆಂಪಾಗಿದ್ದರೆ ಆಕೆ ಬಸುರಿ. 1931ರಲ್ಲಿ ಅಮೆರಿಕದಲ್ಲಿ ಇದೇ ಕೆಲಸಕ್ಕೆ ಮೊಲ ಬಂತು. ಮೊಲ ಸತ್ತರೆ ಬಸುರಿ ಅಂತ ಅಲ್ಲಿನ ಜನ ತಿಳಿದಿದ್ದರಂತೆ. ಅದು ತಪ್ಪು. ಹೊಟ್ಟೆ ಕೊಯ್ದು ನೋಡಬೇಕಾದ್ದರಿಂದ ಬಸುರಿಯಾಗಿರಲಿ ಬಿಡಲಿ, ಮೊಲ ಸಾಯುತ್ತಿತ್ತು. ಆಮೇಲೆ ಆಫ್ರಿಕಾದ ಒಂದು ಜಾತಿಯ ಕಪ್ಪೆ ಸಿಕ್ಕಿತು. ಬಸುರಿಯ ಮೂತ್ರ ಚುಚ್ಚಿದರೆ ಒಂದು ರಾತ್ರಿಯೊಳಗೆ ಮೊಟ್ಟೆ ಇಡುತ್ತಿತ್ತು. ಪುಣ್ಯಕ್ಕೆ ಅದನ್ನು ಕೊಲ್ಲಬೇಕಿರಲಿಲ್ಲ.

ಇವೆಲ್ಲ ಹುಡುಕುತ್ತಿದ್ದದ್ದು ಒಂದೇ ವಸ್ತುವನ್ನು. ಬಸುರಾದಾಗ ಮೈಯಲ್ಲಿ ಉಂಟಾಗುವ ಎಚ್‌ಸಿಜಿ ಎಂಬ ಹಾರ್ಮೋನು. ನಿಮ್ಮ ಕಿಟ್‌ನ ಪಟ್ಟಿಯಲ್ಲಿ ಆ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರತಿಕಾಯಗಳಿವೆ. ಹಿಡಿದ ಜಾಗದಲ್ಲಿ ಬಣ್ಣದ ಗೆರೆ ಮೂಡುತ್ತದೆ. ಒಂದು ಮಾತು ಮುಚ್ಚಿಡಬಾರದು. ಆ ಪ್ರತಿಕಾಯ ತಯಾರಿಸುವ ಜೀವಕೋಶಗಳು ಮೊದಲು ಇಲಿಯಿಂದಲೇ ಬಂದವು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಆ ಕೋಶಗಳು ಸಾಯದೆ ಬೆಳೆಯುತ್ತಲೇ ಇರುವ ಹಾಗೆ ಮಾಡಿದರು. ಮುಂಚೆ ಒಬ್ಬ ಹೆಂಗಸಿಗೆ ಐದು ಇಲಿ ಬೇಕಾಗಿದ್ದವು. ಈಗ ಒಮ್ಮೆ ಬೆಳೆಸಿದ ಕೋಶಗಳಿಂದ ಲಕ್ಷಾಂತರ ಪಟ್ಟಿ ಆಗುತ್ತವೆ. ಉತ್ತರವೂ ಐದು ದಿನದಿಂದ ಐದು ನಿಮಿಷಕ್ಕೆ ಬಂತು.

ಪ್ರಶ್ನೆ: ಮೇಡಂ, ನಾನು ಪಿಯುಸಿ ಎರಡನೇ ವರ್ಷ. ಬಿ.ಫಾರ್ಮಾ ಸೇರೋ ಆಸೆ. ಆದರೆ ಅಲ್ಲಿ ಪ್ರಾಣಿಗಳನ್ನು ಕೊಯ್ಯಬೇಕು ಅಂತಾರೆ. ನನ್ನ ಕೈಲಿ ಆಗಲ್ಲ. ಬೇರೆ ಕೋರ್ಸ್ ನೋಡಲಾ?
– ಗುಬ್ಬಿ

ಉತ್ತರ: ಧೈರ್ಯವಾಗಿ ಸೇರು ಮಗು. ಈಗಿನ ಬಿ.ಫಾರ್ಮಾ ಪಠ್ಯದಲ್ಲಿ ಪ್ರಾಣಿ ಪ್ರಯೋಗಗಳನ್ನು ಕಂಪ್ಯೂಟರ್ ಸಾಫ್ಟ್‌ವೇರ್ ಮತ್ತು ವಿಡಿಯೋದಲ್ಲಿ ತೋರಿಸಬೇಕು ಅಂತಲೇ ಬರೆದಿದೆ. ಬಿ.ಎಸ್ಸಿ. ಪ್ರಾಣಿಶಾಸ್ತ್ರದಲ್ಲೂ 2014ರಲ್ಲಿ ಯುಜಿಸಿ ಕೊಯ್ಯುವುದನ್ನು ನಿಲ್ಲಿಸಿತು.

ನನ್ನ ಕಾಲ ಹೀಗಿರಲಿಲ್ಲ. ಅದನ್ನು ನಿನಗೆ ಹೇಳಲೇಬೇಕು.

ನಾನು ಕೆಲಸಕ್ಕೆ ಸೇರಿದ್ದು 1984ರಲ್ಲಿ. ಮಳೆ ಶುರುವಾದರೆ ಅಮಾನಿಕೆರೆ ಕಡೆಯಿಂದ ಒಬ್ಬರು ಗೋಣಿಚೀಲ ಹೊತ್ತು ಬರುತ್ತಿದ್ದರು. ಚೀಲ ನೆಲಕ್ಕಿಟ್ಟರೆ ಅದೇ ಅಲುಗಾಡುತ್ತಿತ್ತು. ಒಳಗೆಲ್ಲ ಕಪ್ಪೆ. ಮೆಟ್ಟಿಲ ಕೆಳಗಿನ ಸಿಮೆಂಟ್ ತೊಟ್ಟಿಗೆ ಸುರಿದು, ಮೇಲೆ ಜಾಲರಿ ಮುಚ್ಚಿ, ಎಣಿಸಿ ದುಡ್ಡು ತೆಗೆದುಕೊಂಡು ಹೋಗುತ್ತಿದ್ದರು. ರಾತ್ರಿ ಕಾವಲುಗಾರರಿಗೆ ಅವುಗಳ ವಟವಟ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲವಂತೆ.

ಪ್ರಯೋಗದ ಹಿಂದಿನ ದಿನ, ಗೆರೆ ಮೂಡಿಸುವ ಯಂತ್ರದ ತಿರುಗುವ ಡ್ರಮ್ಮಿಗೆ ಮಸಿ ಹಿಡಿಸುವ ಕೆಲಸ. ಹೊಳಪಿನ ಕಾಗದವನ್ನು ಡ್ರಮ್ಮಿಗೆ ಸುತ್ತಿ ಅಂಟಿಸಿ, ಸೀಮೆಎಣ್ಣೆ ಉರಿಯ ಮೇಲೆ ತಿರುಗಿಸಬೇಕು. ಕಪ್ಪು ಮಸಿ ಸಮವಾಗಿ ಕೂರಬೇಕು. ಮಾರನೇ ದಿನ ಕಪ್ಪೆಯ ತಲೆ ಮತ್ತು ಬೆನ್ನುಮೂಳೆ ಸೇರುವ ಜಾಗಕ್ಕೆ ಸೂಜಿ ಇಳಿಸಿ ಮಿದುಳು ನಾಶ ಮಾಡಬೇಕು. ಹೊಟ್ಟೆಯ ಮೇಲಿನ ಸ್ನಾಯುವನ್ನು ಬಿಡಿಸಿ, ದಾರ ಕಟ್ಟಿ, ರಿಂಗರ್ ಎಂಬ ಉಪ್ಪಿನ ದ್ರಾವಣದಲ್ಲಿ ತೂಗುಹಾಕಬೇಕು. ಅದಕ್ಕೆ ಅಸಿಟೈಲ್‌ಕೊಲಿನ್ ಎಂಬ ರಾಸಾಯನಿಕ ಹಾಕಿದರೆ ಸ್ನಾಯು ಸೆಳೆದುಕೊಳ್ಳುತ್ತದೆ. ದಾರದ ಇನ್ನೊಂದು ತುದಿಗೆ ಕಟ್ಟಿದ ಕಡ್ಡಿ ಡ್ರಮ್ಮಿನ ಮಸಿಯ ಮೇಲೆ ಬಿಳಿ ಗೆರೆ ಎಳೆಯುತ್ತದೆ. 30 ಸೆಕೆಂಡ್ ಸುಮ್ನೆ, 90 ಸೆಕೆಂಡ್ ಔಷಧ, ತೊಳಿ. ಡೋಸು ಜಾಸ್ತಿ ಮಾಡು. ಮತ್ತೆ 30, ಮತ್ತೆ 90. ಈಗಲೂ ಕುಕ್ಕರ್ ವಿಷಲ್ ಕಾಯುವಾಗ ನನ್ನ ಬಾಯಲ್ಲಿ ಆ ಲೆಕ್ಕ ಬರುತ್ತದೆ.

ಅರವತ್ತು ಮಕ್ಕಳು. ಇಬ್ಬರಿಗೆ ಒಂದು ಕಪ್ಪೆ. ಒಂದು ಪ್ರಯೋಗಕ್ಕೆ ಮೂವತ್ತು. ವರ್ಷಕ್ಕೆ ಅಂಥವು ಹಲವು, ಜೊತೆಗೆ ಪರೀಕ್ಷೆಯ ದಿನ. ಒಂದು ಸಲ ಮಧುಗಿರಿ ಕಡೆಯ ಒಬ್ಬ ಹುಡುಗಿ ಕೇಳಿದಳು. "ಮೇಡಂ, ಗೆರೆ ಹೀಗೇ ಬರುತ್ತೆ ಅಂತ ಪುಸ್ತಕದಲ್ಲಿ ಇದೆಯಲ್ವಾ? ಮತ್ತೆ ಯಾಕೆ ಮಾಡ್ತೀವಿ?" ನಾನು ಗದರಿಸಿ ಕೂರಿಸಿದೆ. ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅದಕ್ಕೇ ಗದರಿಸಿದ್ದು. ಅವಳು ಎಲ್ಲಿದ್ದಾಳೋ ಗೊತ್ತಿಲ್ಲ. ಈ ಪತ್ರಿಕೆ ಓದುತ್ತಿದ್ದರೆ ತಿಳಿಯಲಿ: ನೀನು ಕೇಳಿದ್ದು ಸರಿ, ನಾನು ಗದರಿಸಿದ್ದು ತಪ್ಪು.

ಆಮೇಲೆ ಇಂಥ ಪ್ರಯೋಗಗಳನ್ನು ಕಂಪ್ಯೂಟರ್ ಪರದೆಯ ಮೇಲೆ ಮಾಡಿ ನೋಡುವ, ಪಾಂಡಿಚೇರಿಯ ಜಿಪ್ಮರ್ ವೈದ್ಯಕೀಯ ಸಂಸ್ಥೆಯಲ್ಲಿ ತಯಾರಾದ ಎಕ್ಸ್‌ಫಾರ್ಮ್ ಎಂಬ ಸಾಫ್ಟ್‌ವೇರ್ ನಮ್ಮ ಕಾಲೇಜಿಗೂ ಬಂತು. ಮೊದಲು ನನಗೆ ನಂಬಿಕೆ ಇರಲಿಲ್ಲ. ಪರದೆಯ ಮೇಲೆ ಕಲಿತದ್ದು ಕಲಿಕೆಯಾ ಅನಿಸಿತ್ತು. ಆದರೆ ಮಕ್ಕಳು ಕಲಿಯುವ ರೀತಿ ನೋಡಿದೆ. ಕಪ್ಪೆ ಇದ್ದಾಗ ತಪ್ಪಾಗಬಾರದು ಎಂಬ ಹೆದರಿಕೆಯಲ್ಲಿ ಬುದ್ಧಿವಂತ ಹುಡುಗರು ಮಾತ್ರ ಕೈ ಹಾಕುತ್ತಿದ್ದರು. ಉಳಿದವರು ಹಿಂದೆ ನಿಂತು ಗೆರೆ ನಕಲು ಮಾಡುತ್ತಿದ್ದರು. ಕಂಪ್ಯೂಟರಿನಲ್ಲಿ ಎಲ್ಲರೂ ಕೈ ಹಾಕಿದರು. ಬೇಕೆಂದೇ ಹತ್ತು ಪಟ್ಟು ಡೋಸು ಕೊಟ್ಟು ಏನಾಗುತ್ತೆ ನೋಡಿದರು. ತಪ್ಪು ಮಾಡಿ ಕಲಿತರು. ಜೀವ ಇರುವ ಸ್ನಾಯುವನ್ನು ಹಿಡಿಯುವ ಹದ ಮಾತ್ರ ಪರದೆಯಿಂದ ಬರುವುದಿಲ್ಲ. ಅದು ಮುಂದೆ ಸಂಶೋಧನೆಗೆ ಹೋಗುವ ಕೆಲವರಿಗೆ ಬೇಕು. ಅವರು ಆಗ ಕಲಿತರೆ ಸಾಕು.

ಪ್ರಶ್ನೆ: ಸೋಪು, ಶಾಂಪೂ, ಕ್ರೀಮುಗಳನ್ನು ಮೊಲದ ಕಣ್ಣಿಗೆ ಹಾಕಿ ನೋಡ್ತಾರಂತೆ. ಈಗಲೂ?
– ಮಧುಗಿರಿ

ಉತ್ತರ: ನಮ್ಮ ದೇಶದಲ್ಲಿ ಸೌಂದರ್ಯ ಸಾಮಗ್ರಿಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದಕ್ಕೆ 2014ರಿಂದ ನಿಷೇಧ ಇದೆ. ಹಾಗೆ ಪರೀಕ್ಷಿಸಿದ ಸಾಮಾನನ್ನು ಹೊರದೇಶದಿಂದ ತರಿಸುವಂತೆಯೂ ಇಲ್ಲ. ಮೊಲದ ಕಣ್ಣಿನ ಬದಲು ಮನುಷ್ಯರ ಜೀವಕೋಶಗಳಿಂದ ಪದರಪದರವಾಗಿ ಬೆಳೆಸಿದ ತೆಳು ಹಾಳೆ ಬಂದಿದೆ. ಉರಿ ಆಗುತ್ತಾ ಇಲ್ಲವಾ ಅಂತ ಅದೇ ಹೇಳುತ್ತದೆ.

ಪ್ರಶ್ನೆ: ನಾನು ನಿವೃತ್ತ ಬಸ್ ಕಂಡಕ್ಟರ್. 1979ರಲ್ಲಿ ಹುಚ್ಚುನಾಯಿ ಕಚ್ಚಿ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಹಾಕಿಸಿಕೊಂಡೆ. ಆ ನೋವು ಇನ್ನೂ ನೆನಪಿದೆ. ಮೊನ್ನೆ ಮೊಮ್ಮಗನಿಗೆ ನಾಯಿ ಕಚ್ಚಿತು. ಅವನಿಗೆ ತೋಳಿಗೆ ನಾಲ್ಕೇ. ಇದು ಅಷ್ಟೇ ಶಕ್ತಿಯ ಔಷಧವೋ, ಇಲ್ಲ ಕಡಿಮೆಯೋ?
– ಕೊರಟಗೆರೆ

ಉತ್ತರ: ಯಜಮಾನರೇ, ಚಿಂತೆ ಬೇಡ. ಮೊಮ್ಮಗನಿಗೆ ಹಾಕಿದ್ದು ನಿಮ್ಮದಕ್ಕಿಂತ ಒಳ್ಳೆಯ ಔಷಧ.

ನಿಮಗೆ ಹಾಕಿದ್ದು ಕುರಿಯ ಮಿದುಳಿನಿಂದ ಮಾಡಿದ ಲಸಿಕೆ. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬವರು ಕಂಡುಹಿಡಿದ ಕ್ರಮ. ಕುರಿಗೆ ರೇಬೀಸ್ ಹತ್ತಿಸುತ್ತಿದ್ದರು. ಮಿದುಳಿನಲ್ಲಿ ವೈರಸ್ ಬೆಳೆದ ಮೇಲೆ ಅದನ್ನು ತೆಗೆದು, ಅರೆದು, ಕಾರ್ಬಾಲಿಕ್ ಆಮ್ಲದಿಂದ ವೈರಸ್ಸನ್ನು ಸಾಯಿಸುತ್ತಿದ್ದರು. ಅದರಲ್ಲಿ ವೈರಸ್ಸಿಗಿಂತ ಮಿದುಳೇ ಜಾಸ್ತಿ. ಅದಕ್ಕೇ ಅಷ್ಟು ಸಲ, ಅಷ್ಟು ಅಗಲವಾದ ಹೊಟ್ಟೆಯ ಚರ್ಮಕ್ಕೆ ಚುಚ್ಚಬೇಕಿತ್ತು. ಕುರಿಯ ನರದ ಅಂಶ ಮೈಗೆ ಸೇರಿ ಕೆಲವರಿಗೆ ಪಾರ್ಶ್ವವಾಯು ಆದದ್ದೂ ಉಂಟು. ನಾಯಿ ಕಡಿತದಿಂದ ಉಳಿದವರು ಲಸಿಕೆಯಿಂದ ಹಾಸಿಗೆ ಹಿಡಿದರು. ಕುರಿಗೂ ನೋವು, ಮನುಷ್ಯರಿಗೂ ಅಪಾಯ.

ನಮ್ಮ ದೇಶದಲ್ಲಿ ಈ ಲಸಿಕೆ ತಯಾರಿ ನಿಂತದ್ದು 2004ರ ಕೊನೆಗೆ. ಈಗಿನ ಲಸಿಕೆಗಳಲ್ಲಿ ಹಲವು ವೀರೋ ಎಂಬ ಜೀವಕೋಶಗಳಲ್ಲಿ ಬೆಳೆಯುತ್ತವೆ. 1962ರಲ್ಲಿ ಜಪಾನಿನಲ್ಲಿ ಒಂದು ಆಫ್ರಿಕನ್ ಮಂಗದ ಕಿಡ್ನಿಯಿಂದ ತೆಗೆದ ಕೋಶಗಳವು. ಹೆಪ್ಪಿನಿಂದ ಹೆಪ್ಪು ಹಾಕಿದ ಹಾಗೆ ಅವತ್ತಿನಿಂದ ಬೆಳೆಯುತ್ತಲೇ ಇವೆ. ಅದರಲ್ಲಿ ಮಿದುಳಿನ ಅಂಶ ಇಲ್ಲ. ಅದಕ್ಕೇ ನಾಲ್ಕೈದು ಸಲ ಸಾಕು, ತೋಳಿಗೆ ಸಾಕು.

ನನಗೆ ನೋವು ಕೊಡುವುದು ಒಂದು ಲೆಕ್ಕ. ಕೋಶದಲ್ಲಿ ಬೆಳೆಸಿದ ರೇಬೀಸ್ ಲಸಿಕೆ 1970ರ ದಶಕದಲ್ಲೇ ಜಗತ್ತಿನಲ್ಲಿ ಇತ್ತು. ದುಬಾರಿ ಅಂತ ನಮ್ಮಲ್ಲಿ ಬಡವರಿಗೆ ಕುರಿಯ ಲಸಿಕೆಯೇ ಮುಂದುವರಿಯಿತು. ಒಳ್ಳೆಯ ದಾರಿ ಗೊತ್ತಿದ್ದೂ ಹಳೆಯದರಲ್ಲೇ ನಡೆದ ಆ ವರ್ಷಗಳಲ್ಲಿ ಎಷ್ಟು ಕುರಿ, ಎಷ್ಟು ಜನ!

ಇನ್ನೂ ಒಂದು ಕೆಲಸ ಉಳಿದಿದೆ. ಲಸಿಕೆಯ ಶಕ್ತಿ ಅಳೆಯಲು ಇಲಿಗಳಿಗೆ ಅದನ್ನು ಕೊಟ್ಟು, ಆಮೇಲೆ ಮಿದುಳಿಗೇ ರೇಬೀಸ್ ಚುಚ್ಚಿ, ಎಷ್ಟು ಬದುಕುತ್ತವೆ ಎಂದು ಎಣಿಸುವ ಪದ್ಧತಿ ಹಳೆಯದು. ಅದರ ಬದಲು ವೈರಸ್ಸಿನ ಮೇಲಿನ ಪ್ರೋಟೀನನ್ನೇ ಪ್ರತಿಕಾಯಗಳಿಂದ ಅಳೆಯುವ ಎಲೈಸಾ ವಿಧಾನ ಇದೆ. ಅದು ಪೂರ್ತಿ ಬಳಕೆಗೆ ಬರಬೇಕು.

ಅಂದಹಾಗೆ, ನಾಯಿ ಕಚ್ಚಿದರೆ ಮೊದಲು ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದೂ ಬೇಡ. ಮೊಮ್ಮಗನ ಕೊನೆಯ ಡೋಸು ತಪ್ಪಿಸಬೇಡಿ.

ಪ್ರಶ್ನೆ: ನಮ್ಮದು ರೇಷ್ಮೆ ಮನೆ. ಇಲಿ ಬದಲು ರೇಷ್ಮೆ ಹುಳುವಿನ ಮೇಲೆ ಔಷಧ ಪರೀಕ್ಷೆ ಮಾಡ್ತಾರೆ ಅಂತ ಮಗ ಮೊಬೈಲಲ್ಲಿ ತೋರಿಸಿದ. ಹುಳುವಿಗೂ ಮನುಷ್ಯನಿಗೂ ಏನು ಸಂಬಂಧ?
– ಶಿಡ್ಲಘಟ್ಟ

ಉತ್ತರ: ಈ ಪತ್ರ ಓದಿ ನನಗೆ ತುಂಬ ಖುಷಿಯಾಯಿತು. ಮಗ ತೋರಿಸಿದ್ದು ನಿಜ. ಟೋಕಿಯೋದ ಕಜುಹಿಸ ಸೆಕಿಮಿಝು ಎಂಬ ವಿಜ್ಞಾನಿಯ ತಂಡ ಈ ದಾರಿ ಹಿಡಿಯಿತು.

ಸಪ್ಪೆ ರೋಗ ಬಂದು ತಟ್ಟೆಗಟ್ಟಲೆ ಹುಳು ಕಳೆದುಕೊಂಡವರು ನೀವು. ಹುಳುವಿಗೂ ಬ್ಯಾಕ್ಟೀರಿಯಾ ಹತ್ತುತ್ತದೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಮನುಷ್ಯರಿಗೆ ಕೀವು, ನಂಜು ತರುವ ಸ್ಟೆಫಿಲೋಕಾಕಸ್ ಚುಚ್ಚಿದರೂ ಹುಳು ಸಾಯುತ್ತದೆ. ನಮ್ಮಲ್ಲಿ ಕೆಲಸ ಮಾಡುವ ಆಂಟಿಬಯಾಟಿಕ್ ಕೊಟ್ಟರೆ ಬದುಕುತ್ತದೆ. ಸಂಬಂಧ ಇರುವುದು ಇಲ್ಲೇ.

ಬೇರೆ ಹುಳು ಬಿಟ್ಟು ಇದೇ ಯಾಕೆ? ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳುವನ್ನು ನೆನಪಿಸಿಕೊಳ್ಳಿ. ಬೆರಳಿನಷ್ಟು ದಪ್ಪ, ಓಡುವುದಿಲ್ಲ, ಹಾರುವುದಿಲ್ಲ, ಕಚ್ಚುವುದಿಲ್ಲ. ಸಣ್ಣ ಸೂಜಿಯಲ್ಲಿ ಅದರ ರಕ್ತಕ್ಕೂ ಔಷಧ ಕೊಡಬಹುದು, ಕರುಳಿಗೂ ಕೊಡಬಹುದು. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಎಷ್ಟೋ ವಸ್ತುಗಳು ಮೈಯೊಳಗೆ ಹೋದರೆ ಕೆಲಸ ಮಾಡುವುದಿಲ್ಲ, ಇಲ್ಲವೇ ವಿಷವಾಗುತ್ತವೆ. ಅಂಥವನ್ನು ಹುಳುವಿನ ಹಂತದಲ್ಲೇ ಬಿಟ್ಟುಬಿಡಬಹುದು. ಅಷ್ಟು ಇಲಿ ಉಳಿದ ಹಾಗೆ. ಈ ತಂಡ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಲೈಸೋಸಿನ್ ಇ ಎಂಬ ಹೊಸ ಆಂಟಿಬಯಾಟಿಕ್ಕನ್ನು ಹುಡುಕಿದ್ದು ಹೀಗೇ, ರೇಷ್ಮೆ ಹುಳುವನ್ನು ಮುಂದಿಟ್ಟುಕೊಂಡು.

ಹುಳುವಿನದೂ ಜೀವವೇ ಅಲ್ವಾ ಅಂತ ನೀವು ಕೇಳಬಹುದು. ಹೌದು. ಗೂಡು ಬೇಯಿಸುವ ಮನೆಯವರಿಗೆ ಆ ಪ್ರಶ್ನೆ ಹೊಸದಲ್ಲ. ನನ್ನ ಮಟ್ಟಿಗೆ, ಇಲಿಯಷ್ಟು ಭಯ, ನೋವು ಪಡದ ಜೀವಿಯಿಂದ ಕೆಲಸ ಆಗುವುದಾದರೆ ಇಲಿಯನ್ನು ಬಿಡಬೇಕು. ಹುಳುವೂ ಬೇಡವಾಗುವ ದಿನ ಬಂದರೆ ಅದನ್ನೂ ಬಿಡಬೇಕು.

ಪ್ರಶ್ನೆ: ನಾನು ವಿಜ್ಞಾನ ಶಿಕ್ಷಕ. ನಿಮ್ಮ ಕರುಣೆ ಅರ್ಥವಾಗುತ್ತದೆ. ಆದರೆ ಪ್ರಾಣಿಗಳ ಮೇಲೆ ನೋಡದೆ ನೇರ ಮನುಷ್ಯರಿಗೆ ಔಷಧ ಕೊಟ್ಟರೆ ನಾವೇ ಬಲಿಪಶು ಆಗುವುದಿಲ್ಲವೇ? ಇನ್ನೊಂದು ಪ್ರಶ್ನೆ: ನಮ್ಮಂಥ ಸಾಮಾನ್ಯರು ಇದರಲ್ಲಿ ಏನು ಮಾಡಬಹುದು?
– ಮುಳಬಾಗಿಲು

ಉತ್ತರ: ಮೇಷ್ಟ್ರೇ, ನಿಮ್ಮ ಭಯ ಸರಿಯಾದದ್ದೇ. 1937ರಲ್ಲಿ ಅಮೆರಿಕದಲ್ಲಿ ಒಂದು ಸಿರಪ್ಪನ್ನು ಯಾವ ಪರೀಕ್ಷೆಯೂ ಇಲ್ಲದೆ ಮಾರಿ ನೂರಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಔಷಧಕ್ಕೆ ಪರೀಕ್ಷೆ ಬೇಕೇ ಬೇಕು ಎಂಬ ಕಾನೂನು ಬಂದದ್ದು ಆ ಸಾವುಗಳ ಮೇಲೆ. ಇನ್ಸುಲಿನ್ ಕೂಡ 1921ರಲ್ಲಿ ಟೊರಾಂಟೋದಲ್ಲಿ ನಾಯಿಗಳಿಂದಲೇ ಸಿಕ್ಕಿತು. ನನ್ನ ತಾಯಿ ಅದರಿಂದ ಇಪ್ಪತ್ತು ವರ್ಷ ಬದುಕಿದರು. ಆ ಋಣವನ್ನು ನಾನು ಇಲ್ಲ ಅನ್ನುವುದಿಲ್ಲ.

ಆದರೆ ಪ್ರಾಣಿ ಪಾಸು ಮಾಡಿದ ಮಾತ್ರಕ್ಕೆ ನಾವು ಕ್ಷೇಮ ಅಂತಲೂ ಇಲ್ಲ. 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಆರು ಜನ ಗಟ್ಟಿಮುಟ್ಟಾದ ಯುವಕರಿಗೆ ಟಿಜಿಎನ್1412 ಎಂಬ ಔಷಧ ಕೊಟ್ಟರು. ಮಂಗಗಳು ತಡೆದುಕೊಂಡ ಪ್ರಮಾಣದ 500ರಲ್ಲಿ ಒಂದು ಪಾಲು ಅಷ್ಟೇ. ಒಂದೂವರೆ ಗಂಟೆಯೊಳಗೆ ತಲೆನೋವು, ನಡುಕ ಶುರುವಾಯಿತು. ಆರೂ ಜನ ತೀವ್ರ ನಿಗಾ ಘಟಕ ಸೇರಿದರು. ಜೀವ ಉಳಿಯಿತು. ಒಬ್ಬರಿಗೆ ಕಾಲ್ಬೆರಳುಗಳು ಹೋದವು. ಕಾರಣ ಆಮೇಲೆ ಗೊತ್ತಾಯಿತು. ಆ ಔಷಧ ಕಚ್ಚಿಕೊಳ್ಳುವ ಕೊಂಡಿ ನಮ್ಮ ಒಂದು ಜಾತಿಯ ಬಿಳಿ ರಕ್ತಕಣಗಳ ಮೇಲೆ ಇದೆ, ಆ ಮಂಗಗಳ ಅದೇ ಕಣಗಳ ಮೇಲೆ ಇಲ್ಲ. ಮನುಷ್ಯರ ರಕ್ತಕಣಗಳನ್ನು ಸರಿಯಾದ ರೀತಿಯಲ್ಲಿಟ್ಟು ನೋಡಿದಾಗ ಅಪಾಯ ಕೊಳವೆಯಲ್ಲೇ ಕಂಡಿತು.

ಅದಕ್ಕೇ ನಾನು ಹೇಳುವುದು, ಇದು ಬರೀ ಕರುಣೆಯ ವಿಷಯ ಅಲ್ಲ. ಮನುಷ್ಯನ ಪ್ರಶ್ನೆಯನ್ನು ಮನುಷ್ಯನ ಕೋಶಕ್ಕೇ ಕೇಳುವ ದಾರಿ ಇದು. 2022ರಲ್ಲಿ ಅಮೆರಿಕದ ಒಂದು ತಂಡ ಪೆನ್‌ಡ್ರೈವ್ ಗಾತ್ರದ ಚಿಪ್ (chip) ಒಂದರಲ್ಲಿ ಮನುಷ್ಯರ ಯಕೃತ್ತಿನ ಕೋಶಗಳನ್ನು ಬೆಳೆಸಿ 27 ಔಷಧಗಳನ್ನು ಹರಿಸಿ ನೋಡಿತು. ಯಕೃತ್ತು ಕೆಡಿಸುವ ಔಷಧಗಳಲ್ಲಿ ಶೇಕಡ 87ನ್ನು ಆ ಚಿಪ್ಪು ಹಿಡಿದುಕೊಟ್ಟಿತು. ನಿರಪಾಯ ಔಷಧ ಒಂದನ್ನೂ ಕೆಟ್ಟದ್ದು ಅನ್ನಲಿಲ್ಲ. ಅಮೆರಿಕ 2022ರ ಡಿಸೆಂಬರಿನಲ್ಲಿ, ನಮ್ಮ ಸರ್ಕಾರ 2023ರ ಮಾರ್ಚ್‌ನಲ್ಲಿ, ಹೊಸ ಔಷಧಕ್ಕೆ ಇಂಥ ಪರೀಕ್ಷೆಗಳನ್ನೂ ಒಪ್ಪುವಂತೆ ನಿಯಮ ತಿದ್ದಿದವು.

ಇಷ್ಟಾದರೂ ಎಲ್ಲ ಪ್ರಾಣಿಯನ್ನೂ ನಾಳೆಯೇ ಬಿಡಬಹುದು ಅಂದರೆ ನಾನು ಸುಳ್ಳು ಹೇಳಿದಂತೆ. ಹೊಟ್ಟೆಯೊಳಗಿನ ಮಗುವಿಗೆ ಏನಾಗುತ್ತದೆ, ವರ್ಷಗಟ್ಟಲೆ ನುಂಗಿದರೆ ಮಿದುಳಿಗೆ ಏನಾಗುತ್ತದೆ, ಇದನ್ನು ಒಂದು ಚಿಪ್ಪು ಹೇಳಲಾರದು. ಕೋಶ ಬೆಳೆಸುವ ದ್ರಾವಣಕ್ಕೂ ಹೆಚ್ಚಾಗಿ ಹುಟ್ಟದ ಕರುವಿನ ರಕ್ತದ ಸೀರಂ ಬಳಸುತ್ತಾರೆ. ಅದಕ್ಕೂ ಬದಲಿ ಹುಡುಕುತ್ತಿದ್ದಾರೆ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಬದಲಿ ಸಿಕ್ಕ ಮೇಲೂ ಹಳೆಯದು ನಡೆಯುವ ಕಡೆ. ನಿಮ್ಮ ಹಿರಿಯರನ್ನು ಕೇಳಿ, ಆಗೆಲ್ಲ ಗ್ಲೂಕೋಸ್ ಬಾಟಲಿ ಏರಿಸಿದ ಮೇಲೆ ಕೆಲವರಿಗೆ ಗಡಗಡ ಚಳಿಜ್ವರ ಬರುತ್ತಿತ್ತು. ಸತ್ತ ಬ್ಯಾಕ್ಟೀರಿಯಾದ ಚೂರು ಸೇರಿದ್ದರೆ ಹಾಗಾಗುತ್ತದೆ. ಅದನ್ನು ಪತ್ತೆ ಮಾಡಲು ಮೂರು ಮೊಲಗಳ ಕಿವಿಯ ರಕ್ತನಾಳಕ್ಕೆ ದ್ರಾವಣ ಕೊಟ್ಟು, ಗಂಟೆಗಟ್ಟಲೆ ಅಲುಗಾಡದಂತೆ ಪೆಟ್ಟಿಗೆಯಲ್ಲಿ ಹಿಡಿದಿಟ್ಟು, ಜ್ವರ ನೋಡುತ್ತಿದ್ದರು. 1977ರಲ್ಲಿ ಕುದುರೆಲಾಳದ ಏಡಿಯ ರಕ್ತದಿಂದ ಮಾಡುವ ಪರೀಕ್ಷೆಗೆ ಅಮೆರಿಕ ಒಪ್ಪಿಗೆ ಕೊಟ್ಟಿತು. ನಮ್ಮ ಒಡಿಶಾದ ಬಾಲಸೋರ್ ಕಡಲಲ್ಲೂ ಆ ಬಗೆಯ ಏಡಿಗಳಿವೆ. ಆಮೇಲೆ ಸಿಂಗಪುರದ ವಿಜ್ಞಾನಿಗಳು ಏಡಿಯೂ ಬೇಡದ ಹಾಗೆ, ಅದರ ರಕ್ತದಲ್ಲಿ ಈ ಕೆಲಸ ಮಾಡುವ ವಸ್ತುವನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದರು. ಮನುಷ್ಯರ ರಕ್ತಕಣಗಳಲ್ಲೇ ಈ ಪರೀಕ್ಷೆ ಮಾಡುವ ದಾರಿ 1995ರಲ್ಲಿ ಬಂತು. ಯುರೋಪಿನ ಔಷಧ ನಿಯಮಗಳಿಂದ ಮೊಲವನ್ನು ಪೂರ್ತಿ ಕೈಬಿಡುವ ತೀರ್ಮಾನ ಆದದ್ದು 2024ರಲ್ಲಿ. ನಡುವೆ ಸುಮಾರು 30 ವರ್ಷ. ಆ ಮೂವತ್ತು ವರ್ಷದ ಮೊಲಗಳು ವಿಜ್ಞಾನಕ್ಕಾಗಿ ನರಳಿದವು ಅನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಕಾಲೇಜಿನ ಕಪ್ಪೆಗಳ ಹಾಗೆ, ಉತ್ತರ ಸಿಕ್ಕ ಪ್ರಶ್ನೆಗೇ ಜೀವ ಕೊಟ್ಟವು ಅವು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಯಕೃತ್ತಿನ ಚಿಪ್ಪಿಗೆ ಯಕೃತ್ತಿನ ಕೋಶ ಎಲ್ಲಿಂದ ಬರುತ್ತದೆ ಹೇಳಿ? ಜನರೇ ಕೊಡಬೇಕು. ದಾನ ಬಂದು, ಕಸಿಗೆ ಒಗ್ಗದ ಯಕೃತ್ತುಗಳಿಂದ ತೆಗೆಯುತ್ತಾರೆ. ಆಪರೇಷನ್ನಿನಲ್ಲಿ ತೆಗೆದ ಚರ್ಮ, ಗಡ್ಡೆ, ಕರುಳಿನ ಚೂರು ಕೂಡ ಸಂಶೋಧನೆಗೆ ಉಪಯೋಗಕ್ಕೆ ಬರುತ್ತದೆ. ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಅದಕ್ಕೆ ಬೇರೆಯೇ ಒಪ್ಪಿಗೆ ಪತ್ರ ಇರುತ್ತದೆ. ಜನ ಹೆದರಿ ಬೇಡ ಅನ್ನುತ್ತಾರೆ. ಓದಿ, ಕೇಳಿ, ತಿಳಿದುಕೊಂಡು ಸಹಿ ಹಾಕಿ. ಅದರಿಂದ ಚಿಕಿತ್ಸೆಯಲ್ಲಿ ಏನೂ ಬದಲಾಗಬಾರದು ಎಂಬುದು ನಿಮ್ಮ ಹಕ್ಕು. ಮೂರು ವರ್ಷದ ಹಿಂದೆ ಬೆಂಗಳೂರಿನಲ್ಲಿ ನನ್ನ ಪಿತ್ತಕೋಶ ತೆಗೆದರು. ಆ ಕಾಗದ ತಂದ ನರ್ಸ್ ಹುಡುಗಿ, "ಅಜ್ಜಿ, ಇದು ಬೇಕಾದರೆ ಮಾತ್ರ" ಅಂದಳು. ಕನ್ನಡಕ ತರಿಸಿಕೊಂಡು ಪೂರ್ತಿ ಓದಿ ಸಹಿ ಹಾಕಿದೆ.